ಷಡ್ಡಕನದಕ್ಕಿಂತ ದೊಡ್ಡದು

ನನ್ನ ಷಡ್ಡಕ ಕಾಳಪ್ಪ ಮರ ಉಜ್ಜುವ ಮಷೀನು ತಂದ ದಿನದಿಂದ ನನ್ನ ಮನೆಯ ನೆಮ್ಮದಿ ಹೋಯಿತು. ಇಬ್ಬರೂ ಪುಣೆಯಲ್ಲಿ ಬಡಿಗತನ ಮಾಡುವವರೇ. ನಾನಿನ್ನೂ ಕೈಯಿಂದ ಪಾಲಿಶ್ ಪೇಪರ್ ಉಜ್ಜುತ್ತಿದ್ದೆ. ಅವನ ಮಷೀನಿಗೋ ಧೂಳು ಹಿಡಿಯುವ ಚೀಲ ಬೇರೆ! ನನ್ನ ಅಂಗಿ ಝಾಡಿಸುವಾಗಲೆಲ್ಲ ಹೆಂಡತಿ ಶಾರವ್ವ ಶುರು ಮಾಡುತ್ತಿದ್ದಳು: "ನಮ್ಮಕ್ಕನ ಗಂಡನ ಅಂಗಿ ನೋಡ್ರಿ, ಆಫೀಸಿಂದ ಬಂದವರಂಗ ಇರ್ತದ."

ಹೊಟ್ಟೆ ಉರಿಯಿತು. ಅವನು ಮಷೀನು ತಂದ ಭೋಸರಿಯ ಅಂಗಡಿಗೇ ಹೋದೆ. ನಮ್ಮ ಇಂಡಿ ಕಡೆಯ ಅಂಗಡಿಕಾರ, "ಏನ್ ಕೆಲಸಕ್ಕ ಬೇಕ್ರಿ?" ಎಂದ.

"ಕಾಳಪ್ಪಂದಕ್ಕಿಂತ ದೊಡ್ಡದು ಕೊಡ್ರಿ."

"ದೊಡ್ಡದು ಬೆಲ್ಟಿಂದು ಅದ. ದಪ್ಪ ಕಟ್ಟಿಗಿಗೆ ಭಾಳ ಚಲೋ. ಪ್ಲೈವುಡ್ ಮ್ಯಾಲ ಅಂಟಿಸಿದ ಹಾಳಿಯಂಥ ತೆಳು ಕಟ್ಟಿಗಿ, ವಿನೀರು, ಅದಕ್ಕ ಹಚ್ಚಬ್ಯಾಡ್ರಿ, ತಿಂದು ಹಾಕ್ತದ. ಅದಕ್ಕ ಕಾಳಪ್ಪನವರು ಸಣ್ಣದು ಒಯ್ದಾರ."

'ಕಾಳಪ್ಪನವರು' ಅಂತೆ! ದೊಡ್ಡದನ್ನೇ ಕಟ್ಟಿಸಿಕೊಂಡೆ.

ಮರುದಿನ ಹಿಂಜವಾಡಿಯ ಹೊಸ ಫ್ಲ್ಯಾಟಿನಲ್ಲಿ, ಸಾಗವಾನಿ ವಿನೀರ್ ಅಂಟಿಸಿದ ಕಪಾಟಿನ ಬಾಗಿಲಿಗೆ ಅದನ್ನು ಹಚ್ಚಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಿನೀರ್ ಮಾಯವಾಗಿ, ಒಳಗಿನ ಪ್ಲೈವುಡ್ ಹಲ್ಲು ಕಿರಿಯಿತು. ಮನೆಯ ಮಾಲೀಕ ಮರಾಠಿಯಲ್ಲಿ ಮಂಗಳಾರತಿ ಮಾಡಿ, ನನ್ನನ್ನೂ ಮಷೀನನ್ನೂ ಹೊರಗೆ ಕಳಿಸಿದ.

ಮಧ್ಯಾಹ್ನಕ್ಕೇ ಮನೆಗೆ ಬಂದೆ. ಶಾರವ್ವ ಅಂಗಿ ಝಾಡಿಸಿದಳು, ಮತ್ತೊಮ್ಮೆ ಝಾಡಿಸಿ ಕಣ್ಣರಳಿಸಿದಳು. "ಅಯ್ಯ, ಒಂದ್ ಚೂರೂ ಧೂಳಿಲ್ಲಲ್ರಿ! ಅಕ್ಕಗ ಫೋನ್ ಹಚ್ಚಲೇನು?"

"ಹಚ್ಚು," ಎಂದೆ. "ಅವನದಕ್ಕಿಂತ ದೊಡ್ಡದು ಅಂತನೂ ಹೇಳು."