ಹಲಗೆಯ ತಗ್ಗು

"ಲೇ ನೇಮಿ, ಇದನ್ನ ಯಾರು ಮಾಡ್ಯಾರೋ?"

ಪರಮಾನಂದ ಹಗ್ಗದ ಮೇಲೆ ಒಣಗುತ್ತಿದ್ದ ಒಂದು ಕಾಗದದ ಮುಂದೆ ನಿಂತುಬಿಟ್ಟಿದ್ದ. ನೇಮಿನಾಥ ತೋರಿಸಬೇಕೆಂದಿದ್ದು ಅದನ್ನಲ್ಲ. ತನ್ನ ಎರಡು ವರ್ಷದ ದುಡಿಮೆಯ ಅಚ್ಚುಚಿತ್ರಗಳನ್ನೆಲ್ಲ ಅವನು ಚಾಪೆಯ ಮೇಲೆ ಹರವಿದ್ದ: ಸಾಗವಾನಿಯಲ್ಲಿ ಕೆತ್ತಿ ಒತ್ತಿದ ಮುಧೋಳದ ನಾಯಿ, ಲಿನೋಲಿಯಂ ಕೊರೆದು ತೆಗೆದ ಮಗ್ಗ, ತಾಮ್ರದ ತಗಡಿಗೆ ತೇಜಾಬಿನ ಆಮ್ಲ ಕುಡಿಸಿ ಮೂಡಿಸಿದ ಕಬ್ಬಿನ ಗಾಡಿ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದರೂ ಬನಹಟ್ಟಿ ಸಾಲೆಯ ಡ್ರಾಯಿಂಗ್ ಮಾಸ್ತರನಾಗಿಯೇ ಉಳಿದಿದ್ದ ಅವನು ಮಾಡದ ಪ್ರಯೋಗವಿರಲಿಲ್ಲ. ತೇಜಾಬಿಗೆ ಎರಡು ಧೋತರ ತೂತಾಗಿದ್ದವು. ಮುಂಬಯಿಯಲ್ಲಿ ಚಿತ್ರಕಲೆ ಕಲಿಸುವ ಗೆಳೆಯ ಪರಮಾನಂದ ರಜೆಗೆಂದು ಹತ್ತಿರದ ತನ್ನೂರು ಚಿಮ್ಮಡಕ್ಕೆ ಬಂದಿದ್ದ. ಅಲ್ಲಿಯ ಪ್ರದರ್ಶನಕ್ಕೆ ಇವುಗಳಲ್ಲಿ ಒಂದನ್ನಾದರೂ ಒಯ್ದಾನೆಂಬ ಆಸೆ ನೇಮಿನಾಥನಿಗೆ.

"ಅದಾ? ನಮ್ಮ ಶಾಂತವ್ವಂದು. ಉಳದ ಮಸ್ಯಾಗ ಏನೋ ಆಟ ಆಡ್ಯಾಳ."

ನೇಮಿನಾಥನ ಹೆಂಡತಿ ಶಾಂತವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. "ಅತ್ತಿಯವರ ಹಳೇ ರೊಟ್ಟಿ ಹಲಗಿ ಹಿತ್ತಲದಾಗ ಬಿದ್ದಿತ್ರಿ. ಅದಕ್ಕ ಮಸಿ ಹಚ್ಚಿ ಒತ್ತೀನಿ."

ಕಾಗದದ ತುಂಬ ಕಟ್ಟಿಗೆಯ ಎಳೆಗಳು ಉತ್ತ ಹೊಲದ ಸಾಲಿನಂತೆ ಹರಿದಿದ್ದವು. ನಡುವೆ ಅಂಚೇ ಇಲ್ಲದ ಬಿಳಿ ಚಂದ್ರ.

"ಇದರವು ಇನ್ನ ನಾಕು ಪ್ರತಿ ಬೇಕವಾ, ತಂಗಿ. ಗುರುವಾರ ಬಂದು ಒಯ್ತೀನಿ" ಎಂದ ಪರಮಾನಂದ. ಮುಧೋಳದ ನಾಯಿ ಚಾಪೆಯ ಮೇಲೆಯೇ ಉಳಿಯಿತು.

ಅಂದಿನಿಂದ ನೇಮಿನಾಥನಿಗೆ ಹೊಟ್ಟೆಕಿಚ್ಚು. ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚೇ ಎಂದು ನಾಚಿಕೆಯೂ ಆಗುತ್ತಿತ್ತು, ಆದರೆ ಅದು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಅವಳು ಬಡಿಸಿದ ಪಲ್ಯ ಉಪ್ಪೆನಿಸಿತು, ಅವಳ ನಗು ಜಂಬವೆನಿಸಿತು. ತಗ್ಗು ಕೆತ್ತಿದ ಕಡೆಯೇ ಮಸಿ ಹತ್ತದೆ ಕಾಗದ ಬಿಳಿ ಉಳಿಯುವುದು; ಅಷ್ಟು ನಯವಾಗಿ ಕೆತ್ತಲು ಇವಳಿಗೆ ಯಾರು ಕಲಿಸಿದರು? ತನ್ನ ಯಾವ ಉಳಿಯಿಂದ ಆ ಚಂದ್ರನನ್ನು ತೆಗೆದಳು? ಉಳಿಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸಿ ನೋಡಿದ. ಕೇಳಲು ಮಾತ್ರ ಬಾಯಿ ಬರಲಿಲ್ಲ.

ಬುಧವಾರ ಬೆಳಿಗ್ಗೆ, ಪ್ರತಿ ಒತ್ತುವ ಮೊದಲು, ಶಾಂತವ್ವ ಬಸದಿಗೆ ಹೋದಳು. ಅವನು ಆ ಹಲಗೆಯನ್ನು ಕಟ್ಟೆಯ ಮೇಲಿಟ್ಟು ಕಟ್ಟಿಗೆ ಹೆರೆಯುವ ರಂದಾ ಹೊಡೆಯತೊಡಗಿದ. ಮಸಿ ಹತ್ತಿದ ಹೊಟ್ಟು ಸುರುಳಿ ಸುರುಳಿಯಾಗಿ ಬಿತ್ತು. ಸುತ್ತಲ ಕಟ್ಟಿಗೆ ಇಳಿದಂತೆಲ್ಲ ರೊಟ್ಟಿಯಗಲವಿದ್ದ ನಡುವಿನ ತಗ್ಗು ಹಪ್ಪಳದಷ್ಟಾಯಿತು, ಆಮೇಲೆ ಪೇಡೆಯಷ್ಟು. ಅವನಿಗೆ ಹಿತವೆನಿಸಿತು.

"ಏನ ಮಾಡಾಕತ್ತೀರಿ?"

ಶಾಂತವ್ವ ಬಾಗಿಲಲ್ಲಿದ್ದಳು.

"ಬ್ಲಾಕಿಗೆ ಹಲಗಿ ಬೇಕಾಗಿತ್ತು" ಎಂದ, ತಲೆ ಎತ್ತದೆ. "ನಿನಗೇನು, ಇನ್ನೊಂದು ಕೆತ್ತು. ಕೆತ್ತಾಕ ಬರ್ತೈತಲ್ಲ, ನನಗಿಂತ ಛಲೋ!"

"ನಾ ಎಲ್ಲಿ ಕೆತ್ತೀನ್ರಿ?" ಅವಳ ದನಿ ಸಣ್ಣಗಾಯಿತು. "ನನಗ ಉಳಿ ಹಿಡಿಯಾಕರೆ ಬರ್ತೈತೇನು? ಮೂವತ್ತು ವರ್ಷ ನಿಮ್ಮವ್ವ ರೊಟ್ಟಿ ಬಡದು ಬಡದು ಬಿದ್ದ ತಗ್ಗು ಅದು. ನಾ ಮಸಿ ಹಚ್ಚೀನಿ, ಅಷ್ಟ."

ರಂದಾ ನಿಂತಿತು.

ಶಾಂತವ್ವ ಸೆರಗು ಬಿಗಿದು ಕುಕ್ಕುರುಗಾಲಲ್ಲಿ ಕೂತು ಹೊಟ್ಟನ್ನು ಮೊರಕ್ಕೆ ಬಳಿದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಲೆ ಹೊತ್ತಿದ ಹೊಗೆ ಬಂತು. ಹಿಂದೆಯೇ, ಹೊಸ ಹಲಗೆಯ ಮೇಲೆ ಅವಳು ರೊಟ್ಟಿ ಬಡಿಯುವ ಸದ್ದು.

ನೇಮಿನಾಥ ಹಲಗೆಯನ್ನು ತೊಡೆಯ ಮೇಲೆಳೆದುಕೊಂಡು ಉಳಿದ ತಗ್ಗನ್ನು ಕೈಯಾಡಿಸಿ ಹುಡುಕಿದ. ಅದರಲ್ಲಿ ಈಗ ಅವನ ಹೆಬ್ಬೆರಳಷ್ಟೇ ಹಿಡಿಸುತ್ತಿತ್ತು.