ಮುಖ್ಯಸ್ಥರ ಕತ್ತೆ

ಬರೆದದ್ದನ್ನು ತಿದ್ದಿಕೊಡುವ ಯಂತ್ರಬುದ್ಧಿಗೆ ಪರದೆಯ ಮೇಲಿನ ಗುಂಡಿಗಳನ್ನು ರೂಪಿಸುವುದು ಅವಳ ಕೆಲಸ; ಹಾಗಾಗಿ ಕಚೇರಿಗೆಲ್ಲ ಅವಳು ಗುಂಡಿಯಕ್ಕ. ದರ್ಜಿಯ ಮಗಳು. ಅಪ್ಪ ತೊಡಿಸಿ ನೋಡುವ ತನಕ ಯಾವ ಬಟ್ಟೆಗೂ ಕಚ್ಚಾ ಹೊಲಿಗೆಯನ್ನೇ ಹಾಕುತ್ತಿದ್ದ, ಹಿಡಿಸದಿದ್ದರೆ ದಾರ ಎಳೆದರಾಯಿತು ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಳು. ಇಲ್ಲಿಯೂ ಹಾಗೇ ಮಾಡಿದ್ದಳು: ಯಂತ್ರ ತಿದ್ದಿದ ಸಾಲು ಪಕ್ಕದಲ್ಲಿ ಮಸುಕಾಗಿ ನಿಲ್ಲಬೇಕು, ಬರೆದವರು ಹೂಂ ಅಂದರಷ್ಟೇ ಒಳಗೆ ಬರಬೇಕು. ಮೂರು ತಿಂಗಳ ಕೆಲಸ. ಅದು ಉಳಿಯುತ್ತದೋ ಕಸದ ಬುಟ್ಟಿಗೋ, ಇವತ್ತು ಮಧ್ಯಾಹ್ನದೊಳಗೆ ತೀರ್ಮಾನ.

“ಕೇಳೋದ್ಯಾಕ್ರೀ? ತಿದ್ದಬೇಕು, ಹಳೇದನ್ನ ಎಸೀಬೇಕು,” ಎಂದರು ಮುಖ್ಯಸ್ಥರು. “ಕ್ಷೌರ ಮಾಡೋನು ಒಂದೊಂದು ಕೂದಲಿಗೂ ಅಪ್ಪಣೆ ಕೇಳ್ತಾನಾ?”

“ಕಿವಿ ಹತ್ರ ಬಂದಾಗ ಕೇಳಿದ್ರೆ ಒಳ್ಳೇದು ಸಾರ್.”

ಆ ಕಚೇರಿಯದೊಂದು ಕಟ್ಟಳೆ: ಬೇಯಿಸಿದವರೇ ಮೊದಲು ಉಣ್ಣಬೇಕು. ಯಾರ ಯೋಚನೆಯೋ ಅವರ ಬರಹದ ಮೇಲೇ ಮೊದಲ ಪರೀಕ್ಷೆ. ಮುಖ್ಯಸ್ಥರು ಹಿಂದಿನ ದಿನ ಅತ್ತೆಯನ್ನು ಬಸ್ ನಿಲ್ದಾಣದಿಂದ ಕರೆತರಲು ಮರೆತಿದ್ದರು. ಆಕೆ ಎರಡು ತಾಸು ಚೀಲದ ಮೇಲೆ ಕುಳಿತಿದ್ದರು. ಹೆಂಡತಿ ಮಾತು ಬಿಟ್ಟಿದ್ದಳು. ಪರೀಕ್ಷೆಯೂ ಆಯಿತು, ಮನೆಯ ಬೆಂಕಿಯೂ ಆರೀತು ಎಂದು ಮುಖ್ಯಸ್ಥರು ಬರೆದರು: ‘ನಿಮ್ಮಮ್ಮನ್ನ ಮರೆತೆ, ತಪ್ಪಾಯ್ತು ಕಣೇ. ನಾನೊಂದು ಕತ್ತೆ.’ ಕೇಳದೆ ತಿದ್ದುವ ತಮ್ಮ ಗುಂಡಿ ಒತ್ತಿದರು. ತಿದ್ದಿದ್ದನ್ನು ಓದದೆ ಹೆಂಡತಿಗೆ ಕಳಿಸಿಯೂ ಬಿಟ್ಟರು.

ಫೋನ್ ಬಂತು. ಕೋಣೆಗೆಲ್ಲ ಕೇಳಿಸಿತು.

“ಏನ್ರೀ ಇದು? ‘ತಮ್ಮ ಮಾತೃಶ್ರೀಯವರಿಗೆ ಉಂಟಾದ ಅನನುಕೂಲಕ್ಕೆ ವಿಷಾದವಿದೆ. ನಾನೊಬ್ಬ ಶ್ರಮಜೀವಿ.’ ನಾಳೆ ನಲ್ಲಿ ನೀರು ಬರಲ್ಲ ಅನ್ನೋ ನೋಟೀಸಾ?”

“ಅಯ್ಯೋ, ನಾನು ಕತ್ತೆ ಅಂತಾನೇ ಬರೆದಿದ್ದೆ ಕಣೇ!”

“ಎಲ್ಲಿ, ತೋರಿಸಿ.” ಫೋನ್ ಕಟ್ಟಾಯಿತು.

“ನನ್ನ ಕತ್ತೆ ಎಲ್ರೀ?”

“ಎಸೀಬೇಕು ಅಂದ್ರಲ್ಲ ಸಾರ್.”

ಮತ್ತೆ ಬರೆದರು, ಗುಂಡಿ ಒತ್ತಿದರು. ಕತ್ತೆ ಹೋಗಿ ‘ಸಹನಶೀಲ ವ್ಯಕ್ತಿ’ ಬಂದ. ಇನ್ನೊಮ್ಮೆ ಬರೆದರೆ, ‘ಸರಕು ಸಾಗಣೆಯಲ್ಲಿ ಅನುಭವಿ.’ ಯಾರೋ ಮೇಜಿನ ಕೆಳಗೆ ಪೆನ್ನು ಹುಡುಕುವ ನೆಪದಲ್ಲಿ ನಕ್ಕರು.

“ಅಕ್ಕಾ,” ಎಂದರು ಮುಖ್ಯಸ್ಥರು ಬೆವರು ಒರೆಸಿಕೊಳ್ಳುತ್ತ. ಹಾಗೆ ಕರೆದದ್ದು ಅದೇ ಮೊದಲು. “ನಿಮ್ಮಪ್ಪನ ಹೊಲಿಗೆ ಹಾಕಿಬಿಡಿ. ಅದೇ ಇರ್ಲಿ, ಎಲ್ಲರಿಗೂ.”

ಗುಂಡಿಯಕ್ಕ ಹಾಕಿದಳು; ಮುಖ್ಯಸ್ಥರು ಇನ್ನೊಂದು ಸಲ ಬರೆದು ಗುಂಡಿ ಒತ್ತಿದರು. ಶ್ರಮಜೀವಿ ಪಕ್ಕದಲ್ಲಿ ಮಸುಕಾಗಿ ಕೈಕಟ್ಟಿ ನಿಂತ. ನಡುವೆ ಕತ್ತೆ, ಅಪ್ಪಟ ಕತ್ತೆ. ಮುಖ್ಯಸ್ಥರು ಎರಡು ಸಲ ಓದಿ, ಅದನ್ನೇ ಕಳಿಸಿದರು.

ಉತ್ತರ ತಡವಾಗಲಿಲ್ಲ: ‘ಈಗ ಗುರುತು ಸಿಕ್ತು. ಸಂಜೆ ಬೇಗ ಬನ್ನಿ, ಅಮ್ಮನ ಚೀಲ ಹೊರಬೇಕು.’