ಸೀಗಡಿಯ ನೆಂಟರು

ನನ್ನ ಮಗಳಿಗೆ ಸೀಗಡಿ ಆಗದು. ಹಿಂದೊಮ್ಮೆ ಒಂದೇ ಒಂದು ತುಂಡು ತಿಂದು ಉಸಿರು ಕಟ್ಟಿತ್ತು. ಅಂದಿನಿಂದ ತೊಡೆಗೆ ಚುಚ್ಚುವ ಔಷಧಿಯ ಸೂಜಿ ಅಡುಗೆಮನೆಯ ಕಪಾಟಿನಲ್ಲೇ ಇರುತ್ತದೆ.

ನನ್ನ ತಂಗಿ, ಸತ್ತ ಪ್ರಾಣಿ-ಕೀಟಗಳನ್ನು ಕಾದಿಡುವ ಸಂಗ್ರಹಾಲಯದಲ್ಲಿ ವಿಜ್ಞಾನಿ. ಯಾವ ಜೀವಿ ಯಾವುದಕ್ಕೆ ಸಂಬಂಧಿ ಎಂದು ನೋಡಿ ಡ್ರಾಯರುಗಳನ್ನು ಹೊಂದಿಸುವುದು ಅವಳ ಕೆಲಸ. ಆ ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಒಂದು ಡಬ್ಬಿ ಹಿಡಿದು ಬಂದಳು.

"ಈ ವಾರವೆಲ್ಲ ಕೀಟಗಳಿಗೆ ಮನೆ ಬದಲಾಯಿಸೋ ಕೆಲಸ ಅಕ್ಕ. ಅವನ್ನ ಬೇರೆ ಕೋಣೇಲಿ ಇಟ್ಟಿದ್ವಿ, ಈಗ ಏಡಿ, ಸೀಗಡಿಗಳ ಸಾಲಿಗೇ ತರ್ತಿದ್ದೀವಿ. ಹಳಬರು ರೂಪ ನೋಡಿ ಬೇರೆ ಮಾಡಿದ್ರು. ವಂಶ ಹಿಡಿದು ಹಿಂದಕ್ಕೆ ಹೋದ್ರೆ ಎಲ್ಲರಿಗೂ ಮುತ್ತಜ್ಜಿ ಒಬ್ಬಳೇ!"

"ಜಿರಳೆ ಸೀಗಡೀಗೆ ಅಣ್ಣತಮ್ಮನಾ?" ಮಗಳು ಕಿಸಕ್ಕನೆ ನಕ್ಕಳು.

"ದಾಯಾದಿ ಅನ್ನು. ಪಾಲಾದ ಮೇಲೆ ಒಬ್ಬ ನೀರಲ್ಲೇ ಉಳಿದ, ಇನ್ನೊಬ್ಬ ದಡ ಹತ್ತಿದ."

ನಾನೂ ನಕ್ಕೆ. ಡಬ್ಬಿಯಲ್ಲಿ ಬಿಸ್ಕತ್ತುಗಳಿದ್ದವು. ಸಂಗ್ರಹಾಲಯದ ಪ್ರದರ್ಶನಕ್ಕೆ ಬಂದವರು ಒಣಮಿಡತೆ ಬೀಸಿದ ಹಿಟ್ಟಿನಲ್ಲಿ ಮಾಡಿದ್ದಂತೆ.

"ಸೀಗಡಿ ಇಲ್ಲ ತಾನೆ?" ಎಂದೆ.

"ಬಿಸ್ಕತ್ತಿಗೆ ಸೀಗಡಿ ಯಾರು ಹಾಕ್ತಾರೆ? ಬರೀ ಮಿಡತೆ ಅಕ್ಕ!"

ಮಗಳು ಎರಡನೆಯದನ್ನು ಅರ್ಧ ತಿಂದು ಕತ್ತು ಕೆರೆದುಕೊಂಡಳು. ನೋಡನೋಡುತ್ತಿದ್ದಂತೆ ತುಟಿ ಊದಿತು. "ಅಮ್ಮಾ, ಗಂಟಲು..." ಎಂದವಳಿಗೆ ಮುಂದೆ ಮಾತು ಹೊರಡಲಿಲ್ಲ. ಓಡಿಹೋಗಿ ಸೂಜಿ ತಂದು ಬಟ್ಟೆಯ ಮೇಲಿಂದಲೇ ಚುಚ್ಚಿದೆ. ತಂಗಿ ಡಬ್ಬಿ ಹಿಡಿದುಕೊಂಡೇ ಕಲ್ಲಾಗಿದ್ದಳು.

"ಗಾಡಿ ತೆಗಿಯೇ!" ಎಂದು ಕಿರುಚಿದ ದನಿ ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಮಗಳ ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ಹೇಳಿದರು: "ಸೀಗಡಿ ಆಗದವರಿಗೆ ಎಷ್ಟೋ ಸಲ ಮಿಡತೇನೂ ಆಗಲ್ಲಮ್ಮ. ಎರಡರ ಮೈಯಲ್ಲೂ ಹೆಚ್ಚುಕಮ್ಮಿ ಒಂದೇ ಥರದ ಪ್ರೋಟೀನು. ಹತ್ತಿರದ ನೆಂಟರು, ನೋಡಿ."

ತಂಗಿ ಗೋಡೆಯ ಪಕ್ಕ ನೆಲದ ಮೇಲೆ ಕುಳಿತಳು. "ನನ್ನ ಬಾಯಲ್ಲೇ ಹೇಳ್ದೆ ಅಕ್ಕ. ಹೇಳಿ, ನನ್ನ ಕೈಯಾರೆ ಕೊಟ್ಟೆ."

ಬೈಯಬೇಕೆಂದುಕೊಂಡೆ. ಆದರೆ ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ತಮಾಷೆ ಎಂದು ನಕ್ಕಿದ್ದೆ.

ಮಗಳು ಕಣ್ಣು ತೆರೆದಳು. ದನಿ ಇನ್ನೂ ಗೊಗ್ಗರಾಗಿತ್ತು. "ಚಿಕ್ಕಮ್ಮ, ಆ ವಂಶದಲ್ಲಿ ಇನ್ನೂ ಯಾರ್ಯಾರಿದ್ದಾರೆ?"

ತಂಗಿ ನನ್ನ ಮುಖ ನೋಡಿದಳು.

"ಹೇಳು," ಎಂದೆ, ಹೊದಿಕೆಯನ್ನು ಮಗಳ ಕತ್ತಿನವರೆಗೆ ಎಳೆಯುತ್ತಾ.

"ಇರುವೆ, ಚಿಟ್ಟೆ, ರೇಷ್ಮೆಹುಳ... ಸ್ವಲ್ಪ ದೂರದಲ್ಲಿ ಜೇಡ." ಅವಳ ದನಿ ಇಳಿಯಿತು. "ಆಮೇಲೆ, ಹಾಸಿಗೆ, ಹೊದಿಕೆ ಧೂಳಲ್ಲಿ ಕಣ್ಣಿಗೆ ಕಾಣದ ಹಾಗಿರೋ ನುಸಿ."

ಹೊದಿಕೆಯ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು.